ನಲವತ್ತೈದು ನಿಮಿಷ

ಹನ್ನೊಂದು ಹತ್ತಕ್ಕೆ ಶಹಾಪುರದ ಗಾಡಿ.
ಗೋಡೆಯ ಗಡಿಯಾರದಲ್ಲಿ ಹತ್ತೂ ಇಪ್ಪತ್ತು.
ಖಾಕಿ ಅಂಗಿಯ ಜಗದೇವಿ ಕಿಟಕಿಯೊಳಗೆ ಕೈ ತೂರಿಸಿ
ಡಬ್ಬಿ ಇಟ್ಟಳು, ಚಿಲ್ಲರೆ ಕೊಟ್ಟ ಹಾಗೆ,
ಮುಖ ನೋಡದೆ.
"ಉರಿ ಅಕ್ಕಾ. ಕೆಂಡ ಹಾದು ಬಂದಂಗ ಆಗ್ತದ.
ಈ ವರ್ಷ ಇದು ನಾಕನೇ ಸಲ."

ಡಬ್ಬಿ ಬೆಚ್ಚಗಿತ್ತು. ಒಳಗೆ ಮಬ್ಬು,
ಮಳೆಯ ಮರುದಿನದ ಭೀಮಾ ನೀರಿನಂತೆ.
ಹೆಸರು ಬರೆದೆ. ವಯಸ್ಸು ಮೂವತ್ತೆಂಟು.
ಉದ್ಯೋಗ: ಕಂಡಕ್ಟರ್. ಅಷ್ಟಕ್ಕೇ ಜಾಗ ಮುಗಿಯಿತು.
ನಾಯ್ಕಲ್, ದೋರನಹಳ್ಳಿ, ಶಹಾಪುರ, ತಿರುಗಿ ಯಾದಗಿರಿ,
ದಿನಕ್ಕೆ ನಾಲ್ಕು ಟ್ರಿಪ್ಪು;
ಗಂಡಸರು ಇಳಿದು ಗೋಡೆಗೆ ಮುಖ ಮಾಡುತ್ತಾರೆ,
ಇವಳು ಚೀಲದ ಲೆಕ್ಕ ನೋಡುತ್ತ ತೊಡೆ ಬಿಗಿಹಿಡಿದು ಕೂರುತ್ತಾಳೆ.
ಅದಕ್ಕೇ ನೀರು ಬಿಟ್ಟಿದ್ದಾಳೆ.
ಕೋಟೆ ಗುಡ್ಡದ ಬಂಡೆಯೂ ಬಾಯಾರುವ ಈ ಮೇ ತಿಂಗಳಲ್ಲಿ
ತುಂಬಿ ಒಯ್ದ ಬಾಟಲಿಯನ್ನು
ತುಂಬಿದ ಹಾಗೇ ಮನೆಗೆ ತರುತ್ತಾಳೆ.

ಮಾತ್ರೆಯೇ? ಆಗಿದೆ.
ಸ್ಟ್ಯಾಂಡಿನ ಎದುರಿನ ಮೆಡಿಕಲ್ಲಿನವ ಮೂರು ಕೊಟ್ಟಿದ್ದ, ದೊಡ್ಡವು.
ಎರಡಕ್ಕೆ ಉರಿ ಇಳಿಯಿತು. ಮೂರನೆಯದು ನಾದಿನಿಗೆ,
ಅವಳಿಗೂ ಅದೇ ಉರಿಯಂತೆ.
ಹೀಗೆ ಮೂರೇ ಮಾತ್ರೆ
ಎರಡು ಮನೆಯ ರೋಗಾಣುಗಳಿಗೆ ಪಾಠ ಹೇಳಿ ಬಂದವು.
ಕಲಿಯುವುದರಲ್ಲಿ ಅವು ನಮ್ಮ ಮಕ್ಕಳಿಗಿಂತ ಚುರುಕು.

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ
ಯಾರೂ ಒಯ್ಯದ ರಿಪೋರ್ಟುಗಳಿವೆ.
ಕಲ್ಚರ್ ಎಂದರೆ ಮೂರು ದಿನ, ಶನಿವಾರ ಕೊಟ್ಟರೆ ನಾಲ್ಕು.
ಸ್ಯಾಂಪಲ್ಲು ಕಲಬುರಗಿಗೆ ಹೋಗಬೇಕು, ತಟ್ಟೆಯಲ್ಲಿ ಬೆಳೆಯಬೇಕು,
ಬಿಳಿ ಬಿಲ್ಲೆಗಳ ಸುತ್ತ ಬಯಲು ಬಿತ್ತೋ ಇಲ್ಲವೋ
ಅಳತೆಪಟ್ಟಿ ಇಟ್ಟು ನೋಡಬೇಕು.
ಅಷ್ಟರಲ್ಲಿ ಡಾಕ್ಟರರ ಊಹೆ
ಯಾರದೋ ಹೊಟ್ಟೆಯಲ್ಲಿ ಕರಗಿರುತ್ತದೆ.

ಮೇಲಿನ ಹಾಳೆ ಗುರುಮಠಕಲ್ಲಿನ ಚಾಂದಬೀಯದು.
ಏಳು ತಿಂಗಳ ಬಸುರಿ.
ಹನ್ನೆರಡು ಔಷಧಗಳ ಹೆಸರು, ಒಂಬತ್ತರ ಮುಂದೆ ‘ಆರ್’.
ಹಾಳೆ ಬಂದದ್ದು ಬುಧವಾರ.
ಸೋಮವಾರವೇ ಅವಳನ್ನು ಚಳಿಜ್ವರದಲ್ಲಿ, ಎರಡು ರಗ್ಗು ಸುತ್ತಿ,
ರಾಯಚೂರಿಗೆ ಒಯ್ದಿದ್ದರು.
ಮುಂದಿನದು ನನಗೆ ಗೊತ್ತಿಲ್ಲ.
ಆ ಗೊತ್ತಿಲ್ಲದ್ದಕ್ಕೆ ಬೀಗ ಹಾಕಿಟ್ಟಿದ್ದೇನೆ.

ಹೋದ ತಿಂಗಳು ಈ ಪೆಟ್ಟಿಗೆ ಬಂತು,
ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು.
ಜೊತೆಗೆ ಮೂವತ್ತು ಕಾರ್ಡು. ಉಳಿದದ್ದು ನಾಲ್ಕು.
ಹೊರಗೆ ಬೆಂಚಿನ ಮೇಲೆ ಹನ್ನೊಂದು ಮಂದಿ.
ಯಾರಿಗೆ ಎಂದು ಲೆಕ್ಕ ಹಾಕುವಾಗ
ನಾನೂ ಯಾರ ಮುಖ ನೋಡುವುದಿಲ್ಲ.

ಹನಿ ಬಿಟ್ಟೆ. ಮುಚ್ಚಿದೆ.
ಒಳಗೆ ಕೂದಲೆಳೆಯಂಥ ಓಣಿಗಳು,
ಓಣಿಗೊಂದು ಔಷಧ ಕಾದು ಕೂತಿದೆ.
ಎಲ್ಲಿ ಬೆಳೆಯಿತು, ಎಲ್ಲಿ ನಿಂತಿತು,
ಅದು ನೋಡಿ ಹೇಳುತ್ತದೆ. ಊಹಿಸುವುದಿಲ್ಲ.

ಜಗದೇವಿ ಎದೆಯ ಮೇಲಿನ ಟಿಕೆಟ್ ಮಷಿನ್ನು ತಟ್ಟಿದಳು:
"ಇದರಂಗನ ಏನು? ಸ್ಟೇಜ್ ಒತ್ತಿದ್ರ ಚೀಟಿ ಬರ್ತದ?"
"ಬರ್ತದ. ನಲವತ್ತೈದು ನಿಮಿಷ ಕೂಡಬೇಕು."
"ಅಷ್ಟರಾಗ ನಾ ಭೀಮಾ ದಾಟಿರ್ತೀನಿ."
ಆದರೂ ಕೂತಳು.
ಡ್ರೈವರ್ ಮಹಿಬೂಬ ಎರಡು ಸಲ ಫೋನ್ ಮಾಡಿದ.
ಎರಡನೆಯ ಸಲ ಎತ್ತಿ
"ಚಾ ಕುಡೀ ಹೋಗು" ಎಂದಳು.

ಹನ್ನೊಂದೂ ಐದು. ದೀಪ ಹಸಿರಾಯಿತು.
ಮೆಡಿಕಲ್ಲಿನವನ ದೊಡ್ಡ ಮಾತ್ರೆ: ನಾಟುವುದಿಲ್ಲ.
ಅದರಣ್ಣ, ದುಬಾರಿಯದು: ನಾಟುವುದಿಲ್ಲ.
ಕೊನೆಯ ಸಾಲಿನಲ್ಲಿ ಎಲ್ಲರೂ ಮರೆತ ಹಳದಿ ಔಷಧ,
ನಾನು ಕಲಿಯುವ ಕಾಲಕ್ಕೇ ಮುದುಕಾಗಿದ್ದದ್ದು:
ನಾಟುತ್ತದೆ.
ಡಾಕ್ಟರರ ಸಹಿ. ಐದು ದಿನ.
"ಒಂದೂ ನಾದಿನಿಗಿ ಕೊಡಬ್ಯಾಡ."
"ಆಕಿನ್ನೂ ಕರ್ಕೊಂಡು ಬರ್ತೀನಿ, ತಡಿ."
ನಾಲ್ಕಕ್ಕೆ ಒಂದು ಕಳೆದದ್ದನ್ನು ನಾನು ಹೇಳಲಿಲ್ಲ.

ಮೂಲೆಯ ಹರವಿಯಿಂದ ತಾನೇ ತೋಡಿ
ಎರಡು ಗ್ಲಾಸು ನೀರು ಕುಡಿದಳು, ನಿಂತೇ,
ಗಂಟಲು ಏರಿಳಿಯುವುದು ಕಾಣುವಂತೆ.
ಬಾಗಿಲಲ್ಲಿ ತಿರುಗಿದಳು:
"ಮಷಿನ್ ಶಾಣ್ಯಾ ಅದ ಅಕ್ಕಾ. ಯಾವ ಗುಳಿಗಿ ಅಂತ ಹೇಳ್ತು.
ಈ ನೀರು ದೋರನಹಳ್ಳಿಗಿ ಬಂದಾಗ
ನಾ ಎಲ್ಲಿ ಇಳೀಲಿ,
ಅದನ್ನೂ ಒಂದೀಟು ಕೇಳಿ ನೋಡು."

ರಸ್ತೆಯಲ್ಲಿ ಹಾರ್ನು.
ಕಿಟಕಿಯಲ್ಲಿ ಇನ್ನೊಂದು ಕೈ, ಇನ್ನೊಂದು ಬೆಚ್ಚನೆಯ ಡಬ್ಬಿ.